ಮನೆಯ ಗೋಡೆಗೊಂದು ಬೆಳ್ಳಿತೆರೆ

ದ್ವಾರಕೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ 1972ರ ‘ಬಂಗಾರದ ಮನುಷ್ಯ’ ಚಿತ್ರವನ್ನು ಗೋಡೆಯಗಲ ತೋರಿಸುವ ಆಸೆ ಯಾರಿಗಿಲ್ಲ? ಆದರೆ ತಿಂಗಳ ಸಂಬಳವನ್ನೇ ನೆಚ್ಚಿದವರು ಪ್ರೊಜೆಕ್ಟರ್ ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಲೇಬೇಕು.

ಮೊದಲನೆಯದು ಬೆಳಕು. ಬರಿಯ ‘ಲ್ಯೂಮೆನ್’ ಸಂಖ್ಯೆಗೆ ಮರುಳಾಗದೆ ‘ಆನ್ಸಿ ಲ್ಯೂಮೆನ್’ ಎಷ್ಟೆಂದು ಕೇಳಿರಿ. ದೀಪವಾರಿಸಿದ ಕೋಣೆಗೆ 500 ಸಾಕಾದೀತು. ಎರಡನೆಯದು ಸ್ಪಷ್ಟತೆ. ‘4ಕೆ ನಡೆಯುತ್ತದೆ’ ಎಂದಮಾತ್ರಕ್ಕೆ ಯಂತ್ರದ ಸ್ವಂತ ಶಕ್ತಿ ಅಷ್ಟೆಂದಲ್ಲ. ‘ನೇಟಿವ್’ 1920×1080 ಇದೆಯೇ ನೋಡಿರಿ. ಮೂರನೆಯದು ಜಾಗ. ಗೋಡೆಗೂ ಯಂತ್ರಕ್ಕೂ ಇರುವ ದೂರವನ್ನು ‘ಥ್ರೋ ರೇಶಿಯೋ’ದಿಂದ ಭಾಗಿಸಿದರೆ ಚಿತ್ರದ ಅಗಲ ತಿಳಿಯುತ್ತದೆ: 10 ಅಡಿ ದೂರಕ್ಕೆ 1.25 ಪ್ರಮಾಣವಾದರೆ 8 ಅಡಿ.

ಪರದೆಗೆ ಬಿಳಿಯ ಗೋಡೆಯೇ ಸಾಕು. ಉಳಿದ ಹಣಕ್ಕೆ ಒಳ್ಳೆಯ ಸ್ಪೀಕರ್ ಕೊಳ್ಳಿರಿ. ಮಕ್ಕಳ ಕಿವಿಗೆ ಬೀಳಬೇಕಾದುದು ಕನ್ನಡದ ಮಾತಲ್ಲವೆ!