ಕುದಿಸಿದರೂ ಹೋಗದ ನೈಟ್ರೇಟ್

ನೀರು ಕೆಟ್ಟಿದೆ ಅನ್ನಿಸಿದರೆ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಕುದಿಸುವುದು. ಕಾಲರಾ, ಟೈಫಾಯ್ಡ್ ರೋಗಾಣುಗಳಿಗೆ ಅದು ತಕ್ಕ ಮದ್ದೇ. ನೈಟ್ರೇಟ್ ವಿಷಯದಲ್ಲಿ ಮಾತ್ರ ತಿರುಗುಬಾಣ: ನೀರು ಆವಿಯಾಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಅದರ ಸಾಂದ್ರತೆ ಏರುತ್ತದೆ. ಬಣ್ಣ, ವಾಸನೆಯಿಂದ ಅದರ ಸುಳಿವು ಸಿಗುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮಿತಿ ಬಹಳ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು.

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಂತರ್ಜಲ ಪರೀಕ್ಷಿಸಿದಾಗ ಸಿಕ್ಕ ಮೂಲ ಪಾಯಿಖಾನೆ ಗುಂಡಿಗಳು. ಮಲಮೂತ್ರದ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ತಿಪ್ಪೆಯ ಸಗಣಿಗೂ ಹೊಲದ ಯೂರಿಯಾಕ್ಕೂ ಇದೇ ಗತಿ. ಜೇಡಿಮಣ್ಣಿನ ಕಣಗಳದ್ದು ಋಣ ವಿದ್ಯುದಂಶ, ನೈಟ್ರೇಟಿನದ್ದೂ ಋಣವೇ. ಹಾಗಾಗಿ ಅಮೋನಿಯಂ ರೂಪದ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವ ಮಣ್ಣು ನೈಟ್ರೇಟನ್ನು ನೀರಿನೊಂದಿಗೆ ಕೆಳಗೆ ಬಿಟ್ಟುಬಿಡುತ್ತದೆ. ಬಯಲುಸೀಮೆಯಲ್ಲಿ ಅದು ಬಂಡೆಯ ಬಿರುಕು ಹಿಡಿದು ಕೊಳವೆಬಾವಿ ಸೇರುತ್ತದೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕೆಜಿಯ ಚೀಲದಲ್ಲಿ ಹೆಚ್ಚುಕಡಿಮೆ 21 ಕೆಜಿ. ಅಷ್ಟನ್ನೂ ಒಮ್ಮೆಲೇ ಎರಚಿದರೆ ಎಳೆ ಪೈರಿನ ಬೇರು ಹೀರುವುದೆಲ್ಲಿ ಬಂತು? 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯವಾಗಿದ್ದು, ಅದು ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಗೊಳಿಸುತ್ತದೆ ನಿಜ. ಆದರೆ ಹಾಕಿದ್ದೇ ಅತಿಯಾದರೆ ಬೇವು ಏನು ಮಾಡೀತು? ಸಹಾಯಧನದಿಂದ ಬೇರೆ ಗೊಬ್ಬರಗಳಿಗಿಂತ ಯೂರಿಯಾ ತೀರ ಅಗ್ಗವಾಗಿರುವಾಗ ರೈತರನ್ನಷ್ಟೇ ದೂರುವುದೂ ನ್ಯಾಯವಲ್ಲ. ಆದರೂ ಕಂತುಕಂತಾಗಿ ಮೇಲುಗೊಬ್ಬರ ಕೊಡುವುದು, ಜಡಿಮಳೆಯ ಮುನ್ಸೂಚನೆಯಿದ್ದರೆ ತಡೆಯುವುದು, ಭತ್ತಕ್ಕಾದರೆ ಎಲೆಯ ಹಸಿರನ್ನು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಬೇಕಿದ್ದರಷ್ಟೇ ಹಾಕುವುದು, ಇವು ನೀರಿನ ಜೊತೆಗೆ ದುಡ್ಡನ್ನೂ ಉಳಿಸುತ್ತವೆ.

ಮನೆಯವರ ಕೆಲಸ ಬಹುತೇಕ ಜಾಗ ಆರಿಸುವುದರಲ್ಲೇ ಇದೆ. ತಿಪ್ಪೆ ಬಾವಿಯ ಮೇಲ್ಮಗ್ಗುಲಲ್ಲಿ ಬೇಡ. ಪಾಯಿಖಾನೆ ಗುಂಡಿ ಬಾವಿಯಿಂದ 15 ಮೀಟರಾದರೂ ದೂರವಿರಲಿ, ಬಿರುಕುಬಂಡೆಯ ನೆಲದಲ್ಲಿ ಇನ್ನೂ ದೂರ. ಬಚ್ಚಲ ನೀರು ಬಾಳೆಗೆ ಹೋಗಲಿ. ಕೊಳವೆಬಾವಿಯ ಸುತ್ತ ಇಂಗುಗುಂಡಿ ತೋಡಿದವರು ಚಾವಣಿಯ ಮಳೆನೀರನ್ನು ಸೋಸಿ ಬಿಡಲಿ. ಕೊಟ್ಟಿಗೆ ಅಂಗಳದ ನೀರನ್ನೂ ಅದಕ್ಕೇ ತಿರುಗಿಸಿದರೆ ಗಂಜಲವನ್ನು ನೇರ ಅಂತರ್ಜಲಕ್ಕೆ ಕಳಿಸಿದಂತೆ.

ಜಲಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಬಂದಿರುವ ಪರೀಕ್ಷಾ ಕಿಟ್‌ಗಳಲ್ಲಿ ನೈಟ್ರೇಟ್ ಪರೀಕ್ಷೆಯೂ ಸೇರಿದೆ. ಅದನ್ನು ಬಳಸಲು ಊರಿನ ಮಹಿಳೆಯರಿಗೆ ತರಬೇತಿ ಕೊಡಲಾಗುತ್ತದೆ. ಮುಂಗಾರು ಮುಗಿದ ಮೇಲೊಮ್ಮೆ ನಿಮ್ಮ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ.