ದುಡಿಯುವ ಪೋಷಕರು ಮತ್ತು ಎಳೆಯರ ಶಾಲೆ

ಮಕ್ಕಳ ಶಾಲೆಯ ಆಗುಹೋಗುಗಳಲ್ಲಿ ಪೋಷಕರು ಪಾಲ್ಗೊಳ್ಳಬೇಕೆಂಬ ಮಾತು ಇಂದು ಹಿತವಚನದ ಮಟ್ಟವನ್ನು ದಾಟಿ ಕಾನೂನಿನ ಬಲ ಪಡೆದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ನಿನ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆತಾಯಿಯರು ಅಥವಾ ಪಾಲಕರಾಗಿರಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು ಮತ್ತು ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಕರ್ನಾಟಕದಲ್ಲಿ ಎಸ್‌ಡಿಎಂಸಿ ಎಂದೇ ಜನ ಕರೆಯುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಈ ಕಾಯ್ದೆಗೂ ಮೊದಲೇ, 2001ರಲ್ಲಿ, ರೂಪುಗೊಂಡಿದ್ದವು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡಿಕೊಳ್ಳುವುದು ಇಂತಹ ಸಮಿತಿಗೆ ಸೇರಿದ ಹೊಣೆ; ಮಗುವಿನ ಹಾಜರಿ ಮತ್ತು ಕಲಿಕೆಯ ಪ್ರಗತಿಯನ್ನು ಪೋಷಕರ ಸಭೆ ಕರೆದು ತಿಳಿಸುವುದು, ಅದೇ ಕಾಯ್ದೆಯ 24ನೇ ಸೆಕ್ಷನ್ನಿನಂತೆ, ಶಿಕ್ಷಕರ ಕರ್ತವ್ಯ.

ಆದರೆ ಈ ವ್ಯವಸ್ಥೆಯ ಹಿಂದೆ, ಪೋಷಕರಿಗೆ ಶಾಲೆಗೆ ಬರಲು ಬಿಡುವಿರುತ್ತದೆ ಎಂಬ, ಬಾಯಿಬಿಟ್ಟು ಹೇಳದ ಒಂದು ಗ್ರಹಿಕೆಯಿದೆ. ಸಭೆ ನಡೆಯುವುದು ಸಾಮಾನ್ಯವಾಗಿ ಶಾಲೆಯ ಅವಧಿಯಲ್ಲಿ, ಅಂದರೆ ದುಡಿಮೆಯ ಅವಧಿಯಲ್ಲಿಯೇ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಗಂಟೆಗಿಷ್ಟು ತುಂಡು ಎಂಬ ಗುರಿಗೆ ಕಟ್ಟುಬಿದ್ದು ಹೊಲಿಯುವ ತಾಯಿಗೆ, ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿರುವ ದಂಪತಿಗೆ, ಕಟ್ಟಡ ಕೆಲಸಕ್ಕೆಂದು ಕಲಬುರಗಿ, ರಾಯಚೂರು ಕಡೆಯಿಂದ ವಲಸೆ ಬಂದ ಕುಟುಂಬಕ್ಕೆ ಒಂದು ಸಭೆಯ ಬೆಲೆ ಅರ್ಧ ದಿನದ ಸಂಬಳವೋ ಇಡೀ ದಿನದ ಕೂಲಿಯೋ ಆಗಬಹುದು. ಹೀಗೆ ಬಾರದೆ ಉಳಿದವರನ್ನು ಕಾಳಜಿಯಿಲ್ಲದವರೆಂದು ಬಗೆಯುವುದು ಸುಲಭ; ಆ ತೀರ್ಮಾನ ಪೋಷಕರ ಮನಸ್ಸನ್ನು ಅಳೆಯಲು ಹೊರಟು ಅವರ ಕೆಲಸದ ಷರತ್ತುಗಳನ್ನು ಅಳೆದಿರುತ್ತದೆ.

ಪಾಲ್ಗೊಳ್ಳುವಿಕೆ ಎಂದರೆ ಶಾಲೆಯ ಅಂಗಳದಲ್ಲಿ ಕಾಣಿಸಿಕೊಳ್ಳುವುದು ಎಂಬ ಅರ್ಥವೇ ಕಿರಿದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ಜಾಯ್ಸ್ ಎಪ್‌ಸ್ಟೈನ್ ಇದನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಮಗುವಿನ ಪಾಲನೆ, ಶಾಲೆಯೊಂದಿಗೆ ಸಂವಹನ, ಶಾಲೆಯಲ್ಲಿ ಸ್ವಯಂಸೇವೆ, ಮನೆಯಲ್ಲಿ ಕಲಿಕೆಗೆ ಒತ್ತಾಸೆ, ನಿರ್ಧಾರಗಳಲ್ಲಿ ಪಾಲು ಮತ್ತು ಊರಿನ ಸಮುದಾಯದೊಂದಿಗೆ ಸಹಕಾರ. ಇವುಗಳಲ್ಲಿ ಪೋಷಕರ ಖುದ್ದು ಹಾಜರಿಯನ್ನು ಬಲವಾಗಿ ಬೇಡುವವು ಸ್ವಯಂಸೇವೆ ಮತ್ತು ನಿರ್ಧಾರದಲ್ಲಿ ಪಾಲು ಎಂಬ ಎರಡು ಮಾತ್ರ. ಬ್ರಿಟನ್ನಿನ ಶಿಕ್ಷಣ ಇಲಾಖೆಗಾಗಿ ಚಾರ್ಲ್ಸ್ ಡೆಸ್ಫೋರ್ಜಸ್ 2003ರಲ್ಲಿ ನಡೆಸಿದ ಸಂಶೋಧನಾ ಸಮೀಕ್ಷೆಯೂ ಮಗುವಿನ ಸಾಧನೆಯ ಮೇಲೆ ಗಾಢ ಪರಿಣಾಮ ಬೀರುವುದು ಮನೆಯೊಳಗಿನ ಪಾಲನೆ ಮತ್ತು ಮಾತುಕತೆ ಎಂಬ ನಿಲುವಿಗೆ ಬಂದಿತು.

ರಾಷ್ಟ್ರೀಯ ಶಿಕ್ಷಣ ನೀತಿ 2020 'ಬುನಾದಿ ಹಂತ' ಎಂದು ಕರೆದಿರುವ 3ರಿಂದ 8 ವರ್ಷದ ಅವಧಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ನಲಿಕಲಿ ಎಂಬ ಚಟುವಟಿಕೆಯಾಧಾರಿತ ಕ್ರಮವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಕ್ರಮದಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು, ಕಾರ್ಡುಗಳನ್ನು ಹಿಡಿದು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಉಕ್ತಲೇಖನ, ಕಾಪಿ ಬರವಣಿಗೆಗಳಲ್ಲಿ ಓದಿ ಬೆಳೆದ ಪೋಷಕರಿಗೆ ಇದು ಅಪರಿಚಿತ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಶಿಕ್ಷಕರು ಎರಡು ಮಾತಿನಲ್ಲಿ ತಿಳಿಸಿದರೆ ಉಳಿದದ್ದನ್ನು ಮನೆ ನಿಭಾಯಿಸಬಲ್ಲದು. ಅಕ್ಷರ ಬಾರದ ತಾಯಿಯೂ ಅಡುಗೆಯ ನಡುವೆ ಒಗಟು ಹಾಕಬಲ್ಲಳು, ಅಳಗುಳಿಮಣೆಯ ಬೀಜಗಳನ್ನು ಎಣಿಸಿ ಹಂಚುವಾಗ ಕೂಡುವುದು, ಕಳೆಯುವುದನ್ನು ರೂಢಿ ಮಾಡಿಸಬಲ್ಲಳು. ಶಾಲೆಯಲ್ಲಿ ಕೇಳಿದ ಕಥೆಯನ್ನು ಮಗುವಿನ ಬಾಯಿಂದ ಮತ್ತೆ ಹೇಳಿಸುವುದು ತಂದೆಯಿಂದಲೂ ಆಗುವ ಕೆಲಸ.

ಖಾಸಗಿ ಶಾಲೆಗಳ ಸಮಸ್ಯೆ ಬೇರೆ ಬಗೆಯದು. ಅನುದಾನರಹಿತ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯಿಸದ ಕಾರಣ ಅಲ್ಲಿನ ಪೋಷಕರು ಶುಲ್ಕ ಕೊಡುವವರಾಗಿದ್ದರೂ ನಿರ್ಧಾರದಲ್ಲಿ ಅವರಿಗೆ ಪಾಲು ಕಡಿಮೆ, ಆದರೆ ಚಟುವಟಿಕೆಗಳ ಹೊರೆ ಹೆಚ್ಚು. ಛದ್ಮವೇಷದ ಉಡುಪು, ಥರ್ಮೋಕೋಲಿನ ಮಾದರಿ, ಯುಕೆಜಿ ಮಗುವಿನ 'ಪ್ರಾಜೆಕ್ಟ್' ಇವೆಲ್ಲ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಕಟವಾಗಿ, ಕಚೇರಿಯಿಂದ ದಣಿದು ಬಂದ ತಾಯಿಯ ಕೈಯಲ್ಲೋ ಸ್ಟೇಷನರಿ ಅಂಗಡಿಯಲ್ಲೋ ತಯಾರಾಗುತ್ತವೆ. ಮಗುವಿನ ಕೈ ಸೋಕದ ಇಂತಹ ಕೆಲಸವನ್ನು ಪಾಲ್ಗೊಳ್ಳುವಿಕೆಯ ಲೆಕ್ಕಕ್ಕೆ ಸೇರಿಸಲಾಗದು.

ಉದ್ಯೋಗ ಕಾನೂನುಗಳು ಕೂಡ ಶಾಲೆಗೆ ಹೋಗುವ ಮಗುವಿನ ವಿಷಯಕ್ಕೆ ಬಂದಾಗ ಹಿಂದೆ ಸರಿಯುತ್ತವೆ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಾದ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅಂತಹುದೇ ಹೊಣೆ ಹೊರಿಸಿತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯಿದ್ದು, ಮಕ್ಕಳ ಪರೀಕ್ಷೆ, ಅನಾರೋಗ್ಯಗಳಿಗೂ ಅದು ಒದಗುತ್ತದೆ. ಗಾರ್ಮೆಂಟ್ಸ್ ಕಾರ್ಮಿಕರಿಗಾಗಲಿ ಮನೆಗೆಲಸದವರಿಗಾಗಲಿ ಅಂತಹ ಆಸರೆಯಿಲ್ಲ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯಾದರೋ 25 ಅಥವಾ ಹೆಚ್ಚು ನೌಕರರಿರುವ ಉದ್ಯೋಗಸ್ಥಳಗಳಲ್ಲಿ ಪೋಷಕರಿಗೆ ಮಗುವಿನ ಶಾಲಾ ಚಟುವಟಿಕೆಗೆಂದೇ ವರ್ಷಕ್ಕೆ 40 ಗಂಟೆಗಳ ಬಿಡುವು ಪಡೆಯುವ ಹಕ್ಕು ನೀಡಿದೆ.

ಇಲ್ಲಿ ಅಂತಹ ಕಾನೂನು ಬರುವವರೆಗೆ ಕಾಯದೆ ಮಾಡಬಹುದಾದದ್ದು ಸಾಕಷ್ಟಿದೆ. ಶಾಲಾ ಸಭೆಯನ್ನು ಆ ಊರಿನ ಕಾರ್ಖಾನೆಯ ವಾರದ ರಜೆಗೋ ಸಂಜೆಯ ವೇಳೆಗೋ ಹೊಂದಿಸುವುದು, ಒಂದೇ ದಿನದ ಬದಲು ಎರಡು ಸರದಿಗಳಲ್ಲಿ ಕರೆಯುವುದು, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮಗುವಿನ ಡೈರಿಯಲ್ಲೋ ಐದು ನಿಮಿಷದ ದೂರವಾಣಿ ಕರೆಯಲ್ಲೋ ಸುದ್ದಿ ಮುಟ್ಟಿಸುವುದು, ತಾಯಿಯ ಜೊತೆಗೆ ತಂದೆಯನ್ನೂ ಹೆಸರಿಟ್ಟು ಕರೆಯುವುದು ಇವು ಯಾವುವೂ ದೊಡ್ಡ ಹಣ ಬೇಡುವುದಿಲ್ಲ. ಹೊತ್ತು ಮೀರಿ ಸಭೆ ನಡೆಸುವ ಶಿಕ್ಷಕರಿಗೆ ಅದಕ್ಕೆ ಬದಲಾಗಿ ಬಿಡುವು ಸಿಗಬೇಕಾದದ್ದೂ ನ್ಯಾಯವೇ, ಏಕೆಂದರೆ ಅವರಲ್ಲಿ ಅನೇಕರು ಸ್ವತಃ ದುಡಿಯುವ ಪೋಷಕರು. ಕಾಯ್ದೆ ಮುಕ್ಕಾಲು ಪಾಲು ಸ್ಥಾನಗಳನ್ನು ಪೋಷಕರಿಗೆ ಮೀಸಲಿಟ್ಟಿದೆ. ಆ ಸ್ಥಾನಗಳಲ್ಲಿ ದಿನಗೂಲಿಯವರೂ ಕೂರುವಂತಾಗಬೇಕಾದರೆ ಶಾಲೆಯ ಸಭೆಯ ವೇಳೆಯನ್ನು ಗೊತ್ತುಮಾಡುವ ಮೊದಲು ಅವರ ದುಡಿಮೆಯ ವೇಳೆಯನ್ನು ಕೇಳಿ ತಿಳಿಯಬೇಕು.