ಆಂಟೆನಾ ಜಾಯಿಂಟಿಗೆ ನೀರು ಹೋಗೋದು ಹೇಗೆ?

ನನ್ನ ಕೆಲಸ ಹಕ್ಕಿಗಳದ್ದು, ರೇಡಿಯೊದ್ದಲ್ಲ. ಆದ್ರೂ ಇವತ್ತು ಆಂಟೆನಾಕ್ಕೆ ಹಿಡಿಯೋ ಕಿಲುಬಿನ ಬಗ್ಗೆ ಮಾತಾಡ್ತೀನಿ.

ಮಲೇಷ್ಯಾದ ಪಶ್ಚಿಮ ಕರಾವಳಿಯಲ್ಲಿ, ಕಾಂಡ್ಲಾ ಕಾಡಿನಂಚಿನ ಕೆಸರುಬಯಲಿಗೆ ಸೈಬೀರಿಯಾ ಕಡೆಯಿಂದ ವಲಸೆ ಹಕ್ಕಿಗಳು ಬರುತ್ತವೆ. ಬೆನ್ನಿಗೆ ಪುಟ್ಟ ರೇಡಿಯೊ ಟ್ಯಾಗ್ ಅಂಟಿಸಿದ ಹಕ್ಕಿ ಹತ್ತಿರ ಹಾರಿದರೆ, ಕಂಬದ ಮೇಲಿನ ಯಾಗಿ ಆಂಟೆನಾ ಅದರ ಸಂಕೇತ ಹಿಡಿಯುತ್ತೆ. ಬಹಳ ಕ್ಷೀಣ ಸಂಕೇತ ಅದು. ಕನೆಕ್ಟರ್ ಕೆಟ್ಟರೆ ರಿಸೀವರ್ ದೂರು ಹೇಳೋದಿಲ್ಲ, ಸುಮ್ಮನೆ ಖಾಲಿ ದಾಖಲೆ ಬರೀತಾ ಹೋಗುತ್ತೆ. ಅಂಥ ದಾಖಲೆ ನೋಡಿ ಒಮ್ಮೆ ನಾನು ‘ಹಕ್ಕಿಗಳು ಹೊರಟುಹೋದವು’ ಅಂತ ಬರೆದುಕೊಂಡಿದ್ದೆ. ಆಮೇಲೆ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ತಿಂಗಳುಗಟ್ಟಲೆ ತಿಕ್ಕದ ತಾಮ್ರದ ಚೊಂಬಿನ ಹಾಗೆ!

ಮಳೆ ಮೇಲಿಂದ ಸೋರಿರಬೇಕು ಅಂದುಕೊಂಡಿದ್ದೆ. ಅಷ್ಟೇ ಅಲ್ಲ, ಜಾಯಿಂಟು ಉಸಿರಾಡುತ್ತೆ. ಮಧ್ಯಾಹ್ನದ ಬಿಸಿಲಿಗೆ ಕಾದು ಒಳಗಿನ ಗಾಳಿ ಹೊರಗೆ ಹೋಗುತ್ತೆ. ಸಂಜೆ ಇಲ್ಲಿ ಗುಡುಗು ಮಳೆ ಸಾಮಾನ್ಯ. 55 ಡಿಗ್ರಿಯಿಂದ 25ಕ್ಕೆ ತಣ್ಣಗಾದರೆ ಗಾಳಿಯ ಗಾತ್ರ ಸುಮಾರು 9% ಕುಗ್ಗುತ್ತೆ. ಆ ಜಾಗಕ್ಕೆ ಉಪ್ಪಿನ ತೇವ ಒಳಸೇರುತ್ತೆ. ಮುಂದಿನದು ಕೇಬಲ್ಲಿನ ತಾಮ್ರದ ಹೆಣಿಗೆಯ ಕೆಲಸ: ದೀಪದ ಬತ್ತಿ ಎಣ್ಣೆ ಹೀರಿದಂತೆ ಅದು ನೀರನ್ನು ಉದ್ದಕ್ಕೂ ಹೀರಿಕೊಳ್ಳುತ್ತೆ.

ಹಾಗಾಗಿ ಮೊದಲು ಎಲ್ಲ ಚೆನ್ನಾಗಿ ಒಣಗಿರಬೇಕು. ಒದ್ದೆ ಇರುವಾಗ ಸುತ್ತಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ. ತನ್ನ ಮೇಲೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಮಂಗಳೂರು ಹೆಂಚು ಹೊದಿಸೋರನ್ನ ನೋಡಿದೀರಲ್ಲ? ಸೂರಿನ ಕಡೆಯಿಂದ ಶುರು ಮಾಡ್ತಾರೆ, ಮೇಲಿನ ಸಾಲು ಕೆಳಗಿನದರ ಮೇಲೆ ಕೂರುತ್ತೆ. ಇಲ್ಲೂ ಅದೇ ಲೆಕ್ಕ. ಬಿಸಿಲಿನ ರಕ್ಷಣೆಗೆ ಹೊರಗೆ ಕಪ್ಪು ಪಿವಿಸಿ ಟೇಪ್. ಕೇಬಲ್ ಪೆಟ್ಟಿಗೆಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬೀಳಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ.

ಸಿಲಿಕೋನ್ ಬಳಸ್ತೀರಾದ್ರೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಬೇಡ. ಅದು ಅಸಿಟಿಕ್ ಆಮ್ಲ, ತಾಮ್ರವನ್ನೇ ತಿನ್ನುತ್ತೆ. ಅಲ್ಯೂಮಿನಿಯಂ ಕಡ್ಡಿಗೆ ತಾಮ್ರದ ತಂತಿಯನ್ನ ನೇರ ಮುಟ್ಟಿಸಲೂಬೇಡಿ. ನಡುವೆ ಉಪ್ಪುನೀರು ಸೇರಿದರೆ ಪುಟ್ಟ ಬ್ಯಾಟರಿ ಆಗುತ್ತೆ, ಕರಗೋದು ಅಲ್ಯೂಮಿನಿಯಂ.

ಈಗ ನಾನು ಕಂಬದಿಂದ ಸ್ವಲ್ಪ ದೂರದ ಮರಕ್ಕೆ ಒಂದು ಟ್ಯಾಗ್ ಕಟ್ಟಿಟ್ಟಿರ್ತೀನಿ. ಅದು ಎಲ್ಲೂ ಹಾರಿಹೋಗೋದಿಲ್ಲ. ಅದರ ಬ್ಯಾಟರಿ ಸರಿಯಿದ್ದೂ ಸಂಕೇತ ದಿನೇ ದಿನೇ ಕುಗ್ಗಿದರೆ, ಹಕ್ಕಿಗಳ ಬಗ್ಗೆ ಏನೂ ಬರೆಯೋ ಮುಂಚೆ ಏಣಿ ಹತ್ತುತ್ತೀನಿ.